ಅವರು ತುಂಬಿಟ್ಟ ಇಪ್ಪತ್ತು ತೋಟೆಗಳು

ನಮ್ಮ ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ತೆಳು ಗೋಡೆ. ಶನಿವಾರ ಮಧ್ಯಾಹ್ನ ಆ ಗೋಡೆಯ ಆಚೆ ನನ್ನ ಗಂಡ ನಗುತ್ತಿದ್ದರು, ಈಚೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಏಳೆಂಟು ವರ್ಷ ಹೀಗೇ ನಡೆಯಿತು. ಅವರದು ಕಡಿಮೆ ಮಾತು. ಹಾಲಿನ ಕಾರ್ಖಾನೆಯಲ್ಲಿ ಶೈತ್ಯಾಗಾರದ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಮನೆಗೆ ಬಂದರೆ ಊಟ, ಟೀವಿ, ನಿದ್ದೆ. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಅವರನ್ನು ಹಾಗೆ ಉಸಿರು ಕಟ್ಟುವಂತೆ ನಗಿಸಿದ್ದು ಎರಡೋ ಮೂರೋ ಸಲ. ಗೋಡೆಯ ಆಚೆ ಕೂತವನು ಪ್ರತಿ ವಾರ ನಗಿಸುತ್ತಿದ್ದ.

ಅವನು ಅವರ ಬೇಟೆಯ ಜೊತೆಗಾರ. ವಿಜಯಪುರದ ಕಡೆಯವನು, ನಮ್ಮ ಹಾಗೇ ಈ ದಕ್ಷಿಣದ ದ್ವೀಪದೇಶಕ್ಕೆ ಬಂದು ನೆಲೆಸಿದವನು, ಪಾಪಕುರಾದಲ್ಲಿ ಮನೆ, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಹೆಂಡತಿ ನರ್ಸ್. ಅವಳಿಗೆ ಹೆಚ್ಚಾಗಿ ವಾರಾಂತ್ಯದಲ್ಲೇ ಶಿಫ್ಟ್ ಬೀಳುತ್ತಿದ್ದುದರಿಂದ ಇವನು ಹಿಂದೆ ಸಾಮಾನಿನ ತೊಟ್ಟಿಯಿರುವ ತನ್ನ ಯೂಟ್ ಗಾಡಿ ಹತ್ತಿ ಒಂದು ಗಂಟೆ ಓಡಿಸಿಕೊಂಡು ಹ್ಯಾಮಿಲ್ಟನ್ನಿಗೆ, ನಮ್ಮ ಮನೆಗೆ ಬರುತ್ತಿದ್ದ. ನನ್ನ ಗಂಡನಿಗಿಂತ ಹತ್ತು ವರ್ಷ ಚಿಕ್ಕವನು. ಅವರನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ವೈನಿ, ಅಂದರೆ ಅತ್ತಿಗೆ. "ವೈನಿ, ಚಾ ಇಡ್ರಿ" ಎಂದು ಬಾಗಿಲಲ್ಲೇ ಹೇಳಿ ನೇರವಾಗಿ ಗ್ಯಾರೇಜಿಗೆ ಹೋಗುತ್ತಿದ್ದ. ಆ ಬಾಗಿಲು ಹಾಕಿಕೊಳ್ಳುತ್ತಿತ್ತು.

ಒಳಗೆ ಅವರಿಬ್ಬರು ಮಾಡುತ್ತಿದ್ದದ್ದು ಬಂದೂಕಿನ ತೋಟೆ ತುಂಬುವ ಕೆಲಸ. ಬೆಟ್ಟದಲ್ಲಿ ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪುಗಳನ್ನು ಒಂದೂ ಬಿಡದೆ ಹೆಕ್ಕಿ ತರುತ್ತಿದ್ದರು. ಅವನ್ನು ತೊಳೆದು, ಒತ್ತುಯಂತ್ರಕ್ಕೆ ಕೊಟ್ಟು ಮತ್ತೆ ಅಳತೆಗೆ ತಂದು, ಬಡಿದೊಡನೆ ಕಿಡಿ ಹಾರುವ ಹೊಸ ಕೇಪನ್ನು ಬುಡಕ್ಕೆ ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಇಟ್ಟು ಒತ್ತಬೇಕು. ಅಂಗಡಿಯ ತೋಟೆ ರೆಡಿಮೇಡ್ ಅಂಗಿಯಂತೆ, ಕೈಯಲ್ಲಿ ತುಂಬಿದ್ದು ದರ್ಜಿ ಅಳತೆ ತೆಗೆದು ಹೊಲಿದಂತೆ ಎಂದು ನನ್ನ ಗಂಡ ಒಮ್ಮೆ ನನಗೆ ಹೇಳಿದ್ದರು. ಆ ಕೆಲಸದ ಬಗ್ಗೆ ನನಗೆ ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ನಾನು ಗೋಡೆಯಿಂದ ಕೇಳಿಸಿಕೊಂಡೆ.

"ಅಣ್ಣಾ, ನೀ ಬಂಗಾರದ ಅಂಗಡಿ ಇಡಬೇಕಿತ್ತ ನೋಡು. ಒಂದ್ ಕಾಳ್ ಮದ್ದಿಗೆ ಹತ್ತ್ ನಿಮಿಷ ತಕ್ಕಡಿ ನೋಡಾಕತ್ತೀದಿ."

"ಒಂದು ಕಾಳು ಹೆಚ್ಚಾದ್ರೆ ಅದು ಬೇರೆ ತೋಟೆ ಕಣಯ್ಯ. ಸುಮ್ನೆ ಕೂತ್ಕೋ."

"ಸುಮ್ಮನ ಕುಂದರಾಕ ಪಾಪಕುರಾದಾಗ ಸೋಫಾ ಇತ್ತಲ್ಲ. ಇಲ್ಲೀತನಕಾ ಯಾಕ ಬರ್ತಿದ್ದೆ?"

ಆಮೇಲೆ ನಗು.

ಅವರಿಬ್ಬರ ಬಳಿ ನೀಲಿ ರಟ್ಟಿನ ಒಂದು ಲೆಡ್ಜರ್ ಪುಸ್ತಕವಿತ್ತು. ಯಾವ ಚಿಪ್ಪು, ಯಾವ ಕೇಪು, ಎಷ್ಟು ಮದ್ದು, ಗುರಿಹಲಗೆಯಲ್ಲಿ ಎಲ್ಲಿ ಬಿತ್ತು ಎಂದು ಪ್ರತಿ ಶನಿವಾರ ಬರೆಯುತ್ತಿದ್ದರು. ಕಡೆಯ ಅಂಕಣಕ್ಕೆ 'ಷರಾ' ಎಂದು ಕನ್ನಡದಲ್ಲೇ ತಲೆಬರಹ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ಪುಟದ ಕೆಳಗೆ ಇಬ್ಬರೂ ಸಹಿ ಹಾಕುವುದು ಅವರ ನಿಯಮ. ಅವರಿಲ್ಲದಾಗ ನಾನು ಅದನ್ನು ತೆಗೆದು ನೋಡುತ್ತಿದ್ದೆ. ಅಂಕಿಗಳು ಅರ್ಥವಾಗುತ್ತಿರಲಿಲ್ಲ. ಪುಟದ ಕೆಳಗೆ ಪಕ್ಕಪಕ್ಕ ಕೂತ ಆ ಎರಡು ಸಹಿಗಳನ್ನು ನೋಡಿ ಮುಚ್ಚಿಡುತ್ತಿದ್ದೆ. ನಮ್ಮ ಮದುವೆಯ ನೋಂದಣಿ ಪತ್ರದಲ್ಲಿ ಬಿಟ್ಟರೆ ಅವರ ಸಹಿಯ ಪಕ್ಕ ನನ್ನದು ಎಲ್ಲಿದೆ ಎಂದು ಯೋಚಿಸಿದ್ದೂ ಉಂಟು. ಬ್ಯಾಂಕಿನಲ್ಲಿದೆ.

ಇಲ್ಲಿ ಋತುಗಳು ನಮ್ಮೂರಿಗೆ ತಿರುವುಮುರುವು, ಜೂನಿನಿಂದ ಆಗಸ್ಟಿನವರೆಗೆ ಚಳಿ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ನನ್ನ ಗಂಡ ಹೊಸ ರೈಫಲ್ ಕೊಂಡರು. ಇಬ್ಬರೂ ಹೋಗಿ ಆರಿಸಿ ತಂದರು, ನನ್ನನ್ನು ಕರೆಯಲಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ನಮ್ಮದು ಮೈಸೂರು ಕಡೆಯ ಮನೆ, ಆ ಹಬ್ಬವನ್ನು ಎಲ್ಲಿದ್ದರೂ ಬಿಡುವುದಿಲ್ಲ. ಕಾರು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಹೊಲಿಗೆ ಮಿಷನ್ನು, ಅವರ ಸ್ಪ್ಯಾನರುಗಳು, ಕೊನೆಗೆ ರೈಫಲ್. ಇಲ್ಲಿನ ಕ್ರಮದಂತೆ ಅದರ ಬೋಲ್ಟನ್ನು ತೆಗೆದು ಬೇರೆಯೇ ಇಡಬೇಕು. ಕೇಪಿಗೆ ಬಡಿಯುವ ಮೊಳೆ ಇರುವುದು ಆ ಬೋಲ್ಟಿನೊಳಗೆ. ಗೇಣುದ್ದದ, ಥಳಥಳ ಹೊಳೆಯುವ ಉಕ್ಕಿನ ಕೊಳವೆ. ಮಣೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಅವರು ಸ್ನಾನಕ್ಕೆ ಹೋದರು.

ನಾನು ಒಬ್ಬಳೇ ಇದ್ದೆ. ಹೊಲಿಗೆ ಮಿಷನ್ನಿಗೆ ಕುಂಕುಮ ಇಡುವ ಮುಂಚೆ ತೂತು ಕಂಡಲ್ಲೆಲ್ಲ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುವುದು ನನ್ನ ತಾಯಿ ಕಲಿಸಿದ್ದು. ಮಿಷನ್ನಿಗೆ ಬಿಟ್ಟೆ. ಆಮೇಲೆ ಬೋಲ್ಟಿನ ಕಡೆ ನೋಡಿದೆ. ಅದರ ಮೈಮೇಲೂ ಒಂದು ಸಣ್ಣ ತೂತು. ಹೊಸ ಆಯುಧಕ್ಕೆ ಮನೆಯವಳ ಕೈ ಎಣ್ಣೆ ಬೀಳಲಿ ಎಂದುಕೊಂಡೆ. ಅವರಿಬ್ಬರೂ ಸೇರಿ ತಂದ ವಸ್ತುವಿಗೆ ನನ್ನದೂ ಒಂದು ಗುರುತಿರಲಿ ಎಂಬುದು ಒಳಗಿನ ಮಾತು. ಎರಡು ಹನಿಗೆ ನಿಲ್ಲಿಸಲಿಲ್ಲ. ಒಳಗೆ ಹೋಗುತ್ತಾ ಇತ್ತು, ಬಿಡುತ್ತಾ ಹೋದೆ. ಹೊರಗಿನದನ್ನು ಸೆರಗಿನಿಂದ ಒರೆಸಿ ಕುಂಕುಮ ಇಟ್ಟೆ. ಅವರು ಬಂದು ಮಂಗಳಾರತಿ ಮಾಡಿದರು.

ನವೆಂಬರಿನಲ್ಲಿ ಬೆಟ್ಟಕ್ಕೆ ಹೋದವರು ಭಾನುವಾರ ಸಂಜೆ ಖಾಲಿ ಕೈಯಲ್ಲಿ ಬಂದರು. ಬೆಳಗಿನ ಜಾವ ಹೆಣ್ಣು ಜಿಂಕೆಯೊಂದು ಎದುರಿಗೇ ನಿಂತಿತ್ತಂತೆ. ಬಂದೂಕಿನ ಕುದುರೆ ಎಳೆದರೆ ಬರೀ 'ಟಿಕ್'. ತಡವಾಗಿ ಸಿಡಿದೀತೆಂದು ಅರ್ಧ ನಿಮಿಷ ನಳಿಕೆಯನ್ನು ಗುಡ್ಡಕ್ಕೇ ಹಿಡಿದು ಕಾದು, ಬೋಲ್ಟ್ ತೆರೆದು ನೋಡಿದರೆ ಕೇಪಿನ ಮೇಲೆ ಉಗುರು ಊರಿದಷ್ಟು ಗುಳಿ. ಇನ್ನೊಂದು ಹಾಕಿದರು, ಅದೂ ಟಿಕ್. ಜಿಂಕೆ ಆ ಶಬ್ದಕ್ಕೇ ಹೋಯಿತು.

ಕಾರ್ಖಾನೆಯಲ್ಲಿ ಅವರದೊಂದು ನಿಯಮವಿತ್ತು. ಯಂತ್ರ ಕೆಟ್ಟರೆ ನೀನು ಕೊನೆಗೆ ಮುಟ್ಟಿದ್ದನ್ನು ಮೊದಲು ನೋಡು. ಹೊಸ ಹುಡುಗರಿಗೆಲ್ಲ ಅದನ್ನೇ ಕಲಿಸುತ್ತಿದ್ದರು. ಅದರ ಪ್ರಕಾರ ಅವರು ಕೊನೆಗೆ ಮುಟ್ಟಿದ್ದು ತೋಟೆಗಳನ್ನು. ಕೇಪು ಪೂರ್ತಿ ಕೂತಿಲ್ಲವೇ ಎಂದು ಪ್ರತಿಯೊಂದರ ಬುಡಕ್ಕೂ ಬೆರಳಾಡಿಸಿ ನೋಡಿದರು. ಕತ್ತಿನ ಕೆಳಗೆ ಚಿಪ್ಪು ಅಗಲವಾಗುವ ಭುಜವನ್ನು ಹೆಚ್ಚು ಒತ್ತಿಬಿಟ್ಟೆನೇ ಎಂದು ಅಳೆದರು. ರೈಫಲ್ಲನ್ನು ಪರೀಕ್ಷಿಸಲು ಅಂಗಡಿಯಿಂದ ಒಂದು ಡಬ್ಬಿ ತೋಟೆ ತಂದು, ಊಟ ಮುಗಿಸಿ, ಬಿಸಿಲಿನಲ್ಲಿ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಹೊಡೆದರು. ಎಲ್ಲವೂ ಢಂ. ಅಲ್ಲಿಗೆ ರೈಫಲ್ ಬಚಾವಾಯಿತು.

"ಬೋಲ್ಟ್ ಬಿಚ್ಚಿ ನೋಡೋಣೇನ್ ಅಣ್ಣಾ?" ಎಂದು ಅವನು ಕೇಳಿದ್ದು ಗೋಡೆಯಿಂದ ನನಗೆ ಕೇಳಿಸಿತು.

"ಹೊಸದು, ವಾರಂಟಿ ಇದೆ, ಬಿಚ್ಚೋದ್ ಬೇಡ. ಅಂಗಡೀದು ಹೊಡೀತಲ್ಲ. ತಪ್ಪು ನನ್ನದೇ."

ತೋಟೆಗಳನ್ನೆಲ್ಲ ಒಡೆದು, ಮದ್ದನ್ನು ನನ್ನ ಗುಲಾಬಿ ಬುಡಕ್ಕೆ ಸುರಿದು, ಹೊಸ ಕೇಪು ಹಾಕಿ ಮತ್ತೆ ತುಂಬಿದರು. ಬೇಸಿಗೆಯೆಲ್ಲ ರೇಂಜಿನಲ್ಲಿ ಹೊಡೆದವು. ಏಪ್ರಿಲ್ ಬಂತು. ಗಂಡು ಜಿಂಕೆಗಳು ಕೂಗುವ ತಿಂಗಳು, ಬೇಟೆಯವರು ವರ್ಷವಿಡೀ ಕಾಯುವ ತಿಂಗಳು. ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ ಮತ್ತೆ ಟಿಕ್.

ಜೀವನವಿಡೀ ಚಳಿಯನ್ನು ತಯಾರಿಸಿದ ಮನುಷ್ಯನಿಗೆ ಚಳಿಯ ಮೇಲೆ ಅನುಮಾನ ಬರಲಿಲ್ಲ. "ಕೈ ಸರಿಯಿಲ್ಲ ಕಣೇ" ಎಂದರು ನನ್ನ ಹತ್ತಿರ. ತಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ನೋಡಿದರು. ಅದಾದ ಮೇಲೆ ಅಂಗಡಿಯ ತೋಟೆಯನ್ನೂ ತರಲಿಲ್ಲ, ಬೆಟ್ಟಕ್ಕೂ ಹೋಗಲಿಲ್ಲ. ಮೇ ತಿಂಗಳಲ್ಲಿ ಕೊನೆಯ ಸಲ ಗ್ಯಾರೇಜಿನಲ್ಲಿ ಒಬ್ಬರೇ ಕೂತು, ಒಂದೊಂದಕ್ಕೂ ಎಷ್ಟೋ ಹೊತ್ತು ತೆಗೆದುಕೊಂಡು, ಇಪ್ಪತ್ತು ತೋಟೆ ತುಂಬಿದರು. ಡಬ್ಬಿಯ ಮೇಲೆ ತಿಂಗಳು ಬರೆದು ಮುಚ್ಚಿಟ್ಟರು. ಹೊಡೆದು ನೋಡಲಿಲ್ಲ.

ನನಗೆ ಆಗ ಸಂತೋಷವಾಗಿತ್ತು. ಬರೆಯುವಾಗ ಕೈ ತಡೆಯುತ್ತದೆ, ಆದರೂ ನಿಜ ಅದೇ. ಶನಿವಾರಗಳು ನನಗೆ ವಾಪಸು ಬಂದವು. ಅವರು ನನ್ನ ಪಕ್ಕ ಸೋಫಾದಲ್ಲಿ ಕೂರುತ್ತಿದ್ದರು. ಅವನು ಫೋನ್ ಮಾಡಿದರೆ "ಈ ವಾರ ಬೇಡಪ್ಪ" ಎನ್ನುತ್ತಿದ್ದರು. ಕಡಲೆಕಾಯಿ ಸುಲಿದು ನನ್ನ ಕೈಗೆ ಹಾಕುತ್ತಿದ್ದರು. ಅವರು ನಗುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದೆ. ಗಮನಿಸಿದರೂ ನನಗೆ ಏನೂ ಕೊರತೆ ಎನಿಸಲಿಲ್ಲ.

ಜೂನಿನಲ್ಲಿ, ಕಾರ್ಖಾನೆಯ ಕಾರು ನಿಲ್ಲಿಸುವ ಜಾಗದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಜೊತೆಯಲ್ಲಿದ್ದವರು ಅವರ ಫೋನಿನಲ್ಲಿ ಕಡೆಗೆ ಮಾತಾಡಿದ ನಂಬರಿಗೆ ಕರೆ ಮಾಡಿದರು. ಅದು ನನ್ನದಲ್ಲ. ಅವರು ಹೋದ ಸುದ್ದಿ ನನಗೆ ತಲುಪಿದ್ದು ಪಾಪಕುರಾದಿಂದ, ಅವನ ಬಾಯಿಂದ. ನನಗಿಂತ ಏಳೆಂಟು ನಿಮಿಷ ಮುಂಚೆ ಅವನಿಗೆ ಗೊತ್ತಿತ್ತು. ಆ ಏಳೆಂಟು ನಿಮಿಷವನ್ನು ನಾನು ಅವನಿಗೆ ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಅದರಲ್ಲಿ ಅವನ ತಪ್ಪೇನೂ ಇಲ್ಲ ಎಂದೂ ಬಲ್ಲೆ.

ನನಗೆ ಬಂದೂಕಿನ ಲೈಸೆನ್ಸ್ ಇಲ್ಲ. ಆದ್ದರಿಂದ ರೈಫಲ್ಲಾಗಲಿ ತೋಟೆಯಾಗಲಿ ನನ್ನ ಮನೆಯಲ್ಲಿ ಇರುವಂತಿಲ್ಲ. ಸದ್ಯಕ್ಕೆ ತಾನು ಇಟ್ಟುಕೊಳ್ಳುತ್ತೇನೆ ಎಂದು ಅವನು ಬಂದ. ಹಿಲ್ಸ್‌ಬರೋದಿಂದ ಮಗಳು ಬಂದಿದ್ದಳು. ನಾನು ಗ್ಯಾರೇಜಿನ ಬೀಗದ ಕೈ ಕೊಡದೆ ನಿಂತಿದ್ದನ್ನು ನೋಡಿ, "ಅಮ್ಮಾ, ಜಸ್ಟ್ ಲೆಟ್ ಅಂಕಲ್ ಟೇಕ್ ಇಟ್. ವಾಟ್ ವಿಲ್ ಯೂ ಡೂ ವಿತ್ ಎ ರೈಫಲ್?" ಎಂದಳು. ಕೊಟ್ಟೆ. ರೈಫಲ್, ಒತ್ತುಯಂತ್ರ, ತಕ್ಕಡಿ, ಕೇಪಿನ ಡಬ್ಬಿಗಳು, ನೀಲಿ ಪುಸ್ತಕ, ಎಲ್ಲವೂ ಯೂಟ್‌ಗೆ ಹೋದವು. ಅವನು ಒಳಗಿಂದ ಒಂದೊಂದೇ ಹೊತ್ತು ತರುವುದನ್ನು ನೋಡುತ್ತಾ, ಇವನಿಗೆ ಇದರಲ್ಲಿ ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೂ ಗೊತ್ತು, ನನಗೆ ಲೈಟಿನ ಸ್ವಿಚ್ಚು ಮಾತ್ರ ಗೊತ್ತು ಎಂದುಕೊಂಡೆ.

ಕೊನೆಯ ಇಪ್ಪತ್ತು ತೋಟೆಯ ಡಬ್ಬಿ ಅವನಿಗೆ ಸಿಗಲಿಲ್ಲ. ಹಿಂದಿನ ದಿನವೇ ನಾನು ಅದನ್ನು ತಂದು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದೆ. ಅವರ ಕೈ ಕೊನೆಯದಾಗಿ ಮಾಡಿದ ವಸ್ತು ಅದು, ಅವನಿಲ್ಲದೆ ಮಾಡಿದ್ದು. ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೆಗೆಯುವಾಗ ಪಾವು ಅದಕ್ಕೆ ತಾಗುತ್ತಿತ್ತು. ಆದರೆ ಅವು ಸರಿಯಾದ ತೋಟೆಗಳೋ ಕೆಟ್ಟವೋ ಎಂದು ಅವರಿಗೇ ಗೊತ್ತಿರಲಿಲ್ಲ. ತಮ್ಮ ಕೈ ಕೆಟ್ಟಿತು ಎಂದುಕೊಂಡೇ ಅವರು ಹೋದರು. ಅದು ನಿಜವೇ ಎಂಬ ಒಂದೇ ಪ್ರಶ್ನೆ ನನ್ನನ್ನು ಆ ಚಳಿಗಾಲದಲ್ಲಿ ಹಿಡಿದುಕೊಂಡಿತು.

ಆಗಸ್ಟಿನ ಒಂದು ಬೆಳಿಗ್ಗೆ ಅವನು ಫೋನ್ ಕೂಡ ಮಾಡದೆ ಬಂದ. ಪರಿಚಯದವರ ಡೈರಿ ಫಾರ್ಮಿನಲ್ಲಿ ಮೊಲ ಹೊಡೆಯಲು ಆ ರೈಫಲ್ ಒಯ್ದಿದ್ದನಂತೆ.

"ವೈನಿ, ಅಂಗಡಿ ತೋಟೆನೂ ಹೊಡೀಲಿಲ್ರಿ. ಹೊಸಾ ಡಬ್ಬಿ. ಟಿಕ್ ಅಂತು. ರೈಫಲ್ಲಿಂದಽ ತಪ್ಪು. ಇಲ್ಲೇ ಬಿಚ್ಚತೀನಿ, ಅಣ್ಣನ ಮನ್ಯಾಗ."

ಮೇಜಿನ ಮೇಲೆ ಪೇಪರು ಹಾಸಿ ಬೋಲ್ಟನ್ನು ಇಟ್ಟ. ಯೂಟ್‌ನಲ್ಲೇ ಇದ್ದುದರಿಂದ ಅದು ಕೊರೆಯುತ್ತಿತ್ತು. ಹಿಂಭಾಗವನ್ನು ತಿರುಗಿಸಿ ಎಳೆದಾಗ ಉದ್ದನೆಯ ಮೊಳೆಯೂ ಅದಕ್ಕೆ ಸುತ್ತಿದ ಸ್ಪ್ರಿಂಗೂ ಹೊರಗೆ ಬಂದವು. ಸ್ಪ್ರಿಂಗಿನ ಸುತ್ತುಗಳ ನಡುವೆ ಬೆಳ್ಳಗೆ, ಗಟ್ಟಿ ತುಪ್ಪದಂಥದ್ದು ತುಂಬಿತ್ತು.

"ನೋಡ್ರಿ, ಕಂಪನಿಯಾವ್ರು ಗ್ರೀಸ್ ತುಂಬಿ ಕಳಿಸ್ಯಾರ. ಬಿಸಲಾಗ ತೆಳ್ಳಗಿರತದ, ಹೊಡೀತದ. ಚಳ್ಯಾಗ ಗಟ್ಟಿ ಆಗಿ ಮೊಳಿ ಹಿಡಕೋತದ. ಕೇಪಿಗೆ ಮೆಲ್ಲಕ ಮುಟ್ಟಿ ನಿಂದರತದ." ಅವನು ಸ್ಪ್ರಿಂಗನ್ನು ಪೇಪರಿನ ಮೇಲೆ ಇಟ್ಟ. "ಅಣ್ಣನ ಕೈಯಾಗ ಏನೂ ತಪ್ಪಿದ್ದಿಲ್ಲ."

ನಾನು ಬೆರಳಿಗೆ ಒಂದಿಷ್ಟು ತೆಗೆದುಕೊಂಡೆ. ಬೆರಳ ಬಿಸಿಗೆ ಅದು ಕರಗಿ ನೀರಾಯಿತು. ಮೂಸುವ ಅಗತ್ಯವಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು. ಈ ದೇಶದ ಚಳಿಗಾಲದಲ್ಲಿ ಅದು ಸುಣ್ಣದ ಹಾಗೆ ಗಟ್ಟಿಯಾಗುತ್ತದೆ. ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿಟ್ಟು ಕರಗಿಸಿಕೊಂಡು ತಲೆಗೆ ಹಚ್ಚುತ್ತೇನೆ. ಇಪ್ಪತ್ತು ವರ್ಷದಿಂದ ಕರಗಿಸುತ್ತಲೇ ಇದ್ದೇನೆ.

ಅವನು ಚೀಲದಿಂದ ನೀಲಿ ಪುಸ್ತಕ ತೆಗೆದ. ಅದು ಅವನ ಜೊತೆ ಓಡಾಡುತ್ತಿದೆ ಎಂಬುದು ಆಗ ತಿಳಿಯಿತು. ಷರಾ ಅಂಕಣಕ್ಕೆ ಪೆನ್ನು ಇಟ್ಟ. ಸುಮ್ಮನಿದ್ದರೆ ಮುಗಿಯುತ್ತಿತ್ತು. ಅವರ ಕೈ ಶುದ್ಧವಾಗುತ್ತಿತ್ತು, ಯಾರೋ ಕಂಪನಿಯವರ ಮೇಲೆ ತಪ್ಪು ಹೋಗುತ್ತಿತ್ತು. ಆದರೆ ಆ ಎಣ್ಣೆ ಆ ರೈಫಲ್ಲಿನಲ್ಲಿ ನನ್ನದಾಗಿದ್ದ ಒಂದೇ ವಸ್ತು. ಅದನ್ನೂ ಅವನು ತನ್ನ ಅಕ್ಷರದಲ್ಲಿ ಬೇರೆಯವರ ಹೆಸರಿಗೆ ಬರೆಯುವುದು ನನಗೆ ಸಹಿಸಲಾಗಲಿಲ್ಲ.

"ಅದು ಗ್ರೀಸಲ್ಲ" ಎಂದೆ.

"ಮತ್ತೇನ್ರಿ?"

ಬಾಟಲಿ ತಂದು ಬೋಲ್ಟಿನ ಪಕ್ಕ ಇಟ್ಟೆ. "ಆಯುಧಪೂಜೆ ದಿವ್ಸ ನಾನು ಬಿಟ್ಟಿದ್ದು. ಅವರು ಸ್ನಾನಕ್ಕೆ ಹೋಗಿದ್ರು."

ಅವನು ಬಾಟಲಿ ನೋಡಿದ, ಸ್ಪ್ರಿಂಗ್ ನೋಡಿದ, ಪೆನ್ನಿಗೆ ಮುಚ್ಚಳ ಹಾಕಿದ. ಬೈದಿದ್ದರೆ ಒಳ್ಳೆಯದಿತ್ತು. "ಅಣ್ಣ ಪೂರಾ ಒಂದ್ ಹಂಗಾಮ ತನ್ನ ಕೈ ಬೈಕೊಂಡ್ನಲ್ರಿ ವೈನಿ" ಎಂದ ಮೆಲ್ಲಗೆ. ಆಮೇಲೆ ಅವನೇ, "ಅಣ್ಣನ ತಲ್ಯಾಗ ಒಂದ್ ಕೂದಲಾ ಇದ್ದಿದ್ದಿಲ್ಲ. ಎಣ್ಣಿ ಹಚ್ಚಾಕ ಜಾಗಾ ಸಿಗಲಿಲ್ಲಂತ ಬಂದೂಕಿಗೆ ಹಚ್ಚೀರಿ" ಎಂದ.

ನನಗೆ ನಗು ಬಂತು. ಅವರು ಹೋದ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು. ಗೋಡೆಯ ಆಚೆ ಅವರು ನಗುತ್ತಿದ್ದುದು ಹೀಗೆ ಎಂದು ಆಗ ಗೊತ್ತಾಯಿತು. ಗೊತ್ತಾದದ್ದರಿಂದ ಹೊಟ್ಟೆಕಿಚ್ಚು ಕಡಿಮೆಯಾಗಲಿಲ್ಲ. ಇಷ್ಟು ಸುಲಭವಾಗಿ ನಗಿಸಬಹುದಿದ್ದ ಮನುಷ್ಯನನ್ನು ನಾನು ಯಾಕೆ ನಗಿಸಲಿಲ್ಲ ಎಂದು ಹೆಚ್ಚೇ ಆಯಿತು.

"ಇದು ಅರ್ಧಾ ಆತು" ಎಂದ ಅವನು ಕಣ್ಣೊರೆಸಿಕೊಂಡು. "ರೈಫಲ್ಲಿಂದು ತಪ್ಪು ಅಂತ ಗೊತ್ತಾತು. ಅಣ್ಣ ತುಂಬಿದ್ದು ಸರಿ ಇತ್ತೋ ಇಲ್ಲೋ ಅಂತ ಚಳ್ಯಾಗ ಹೊಡದಽ ನೋಡಬೇಕು. ಮೇ ತಿಂಗಳದಾಗ ಇಪ್ಪತ್ತ ತುಂಬೀನಿ ಅಂತ ಅಣ್ಣ ಅಂದಿದ್ದ. ನನಗ ಸಿಗಲಿಲ್ಲ."

ಹಾಗಾದರೆ ಅವನಿಗೆ ಹೇಳಿದ್ದರು. ನಾನು ಎದ್ದು ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಡಬ್ಬಿಗೆ ಮೆತ್ತಿದ ಅಕ್ಕಿಹುಡಿಯನ್ನು ಅವನು ಊದಿ ಒರೆಸಿದ. "ಇದು ನಿಮ್ಮ ಹತ್ರ ಇರಬಾರದಿತ್ರಿ" ಎಂದು ಚೀಲಕ್ಕೆ ಹಾಕಿಕೊಂಡ.

ಮುಂದಿನ ಶನಿವಾರ ಬೆಳಿಗ್ಗೆ ಅದೇ ಫಾರ್ಮಿಗೆ ಹೋದೆವು. ಹುಲ್ಲೆಲ್ಲ ಬಿಳಿ. ಕಾಲಿಟ್ಟಲ್ಲಿ ಕರಕರ ಎನ್ನುತ್ತಿತ್ತು. ಬೋಲ್ಟನ್ನು ಅವನು ತೊಳೆದು ಒಣಗಿಸಿ, ಚಳಿ ಹಿಡಿಯಲೆಂದು ರಾತ್ರಿಯೆಲ್ಲ ಯೂಟ್‌ನಲ್ಲೇ ಬೀಗ ಹಾಕಿ ಇಟ್ಟಿದ್ದ. ನನಗೆ ಕಿವಿಮುಚ್ಚು ಕೊಟ್ಟು ಹಿಂದೆ ಕೂರಿಸಿ ತಾನು ನೆಲದ ಮೇಲೆ ಮಲಗಿದ. ಗುಡ್ಡದ ಬುಡದಲ್ಲಿ ಹಲಗೆ.

ಮೊದಲನೆಯದನ್ನು ಹಾಕಿದ. ಟಿಕ್ ಎಂದರೆ ಅವರು ಹೇಳಿದ್ದೇ ನಿಜ. ಹೊಡೆಯಿತು. ಎದೆಗೇ ಬಡಿದಂತಾಯಿತು. ಎರಡನೆಯದೂ ಹೊಡೆಯಿತು. ಹಸುಗಳು ದೂರದಲ್ಲಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಪ್ರತಿಯೊಂದು ಹೊಡೆದಾಗಲೂ ಅವರ ಕೈ ಒಂದಿಷ್ಟು ಶುದ್ಧವಾಯಿತು, ಅವರ ಕೈಯ ಕೆಲಸ ಒಂದಿಷ್ಟು ಮುಗಿಯಿತು. ಅದನ್ನು ಮುಗಿಸುತ್ತಿದ್ದ ಬೆರಳು ಅವನದು. ಅವರು ಹೊಡೆಯದೆ ಬಿಟ್ಟುಹೋದದ್ದನ್ನು ಇವನು ಹೊಡೆಯುತ್ತಿದ್ದಾನೆ ಎಂದು ನೋಡುತ್ತಾ ಕೂತೆ. ಒಂದೂ ಟಿಕ್ ಎನ್ನಲಿಲ್ಲ.

ಹತ್ತೊಂಬತ್ತು ಆದ ಮೇಲೆ ಅವನು ಬೋಲ್ಟ್ ತೆರೆದಿಟ್ಟು ಎದ್ದು ಬಂದ. ಕೊನೆಯದು ಅವನ ಅಂಗೈಯಲ್ಲಿತ್ತು.

"ವೈನಿ, ಸಾಕ್ರಿ. ಖಾತ್ರಿ ಆತು. ಇದೊಂದ್ ನಾ ಇಟ್ಕೋತೀನಿ, ಅಣ್ಣನ ನೆನಪಿಗೆ. ನಿಮಗಂತೂ ಇಟ್ಕೊಳ್ಳಾಕ ಬರಂಗಿಲ್ಲ."

"ಬೇಡ" ಎಂದೆ. "ಅದನ್ನೂ ಹೊಡೀರಿ."

"ಒಂದರೀ."

"ಒಂದೂ ಬೇಡ."

ಅವನು ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು ಎಂದೇ ನನ್ನ ನಂಬಿಕೆ, ಅರ್ಥವಾಗದಿದ್ದರೂ ಚಿಂತೆಯಿಲ್ಲ. ಹೋಗಿ ಮಲಗಿ, ಬಹಳ ನಿಧಾನವಾಗಿ ಗುರಿ ನೋಡಿ ಹೊಡೆದ. ಸದ್ದು ಗುಡ್ಡಕ್ಕೆ ಹೋಗಿ ಬಂತು.

ರೈಫಲ್ ಅವನದಾಯಿತು. ಇಪ್ಪತ್ತು ಖಾಲಿ ಚಿಪ್ಪುಗಳನ್ನೂ ಅವನಿಗೇ ಕೊಟ್ಟೆ. ಅವು ಆ ರೈಫಲ್ಲಿನ ಅಳತೆಯವು, ಮತ್ತೆ ತುಂಬಬಹುದು. ನೀಲಿ ಪುಸ್ತಕ ನನಗೆ ಬೇಕು ಎಂದೆ. ಮದ್ದಿನ ಲೆಕ್ಕ ಅದರಲ್ಲೇ ಇದೆಯಲ್ಲ ಎಂದ. "ಫೋಟೋ ತೆಕ್ಕೊಳ್ಳಿ" ಎಂದೆ. ಯೂಟ್‌ನ ಹಿಂದೆ ನಿಂತು, ಚಳಿಗೆ ಮರಗಟ್ಟಿದ ಬೆರಳುಗಳಿಂದ ಒಂದೊಂದೇ ಪುಟ ತಿರುಗಿಸಿ ಫೋಟೋ ತೆಗೆದುಕೊಂಡ. ನಾನು ಕಾದೆ.

ಆಮೇಲೆ ಪೆನ್ನು ಇಸಿದುಕೊಂಡು ಕೊನೆಯ ಪುಟದಲ್ಲಿ ನಾನೇ ಬರೆದೆ. ಇಪ್ಪತ್ತೂ ಹೊಡೆದವು. ಷರಾ: ಬೋಲ್ಟಿನಲ್ಲಿ ಕೊಬ್ಬರಿ ಎಣ್ಣೆ, ಹಾಕಿದವಳು ನಾನು. ಕೆಳಗೆ ಅವನು ತನ್ನ ಜಾಗದಲ್ಲಿ ಸಹಿ ಹಾಕಿದ. ಪಕ್ಕದ ಜಾಗದಲ್ಲಿ ನಾನು ಹಾಕಿದೆ. ಮನೆಗೆ ಬಂದು ಮತ್ತೆ ತೆಗೆದು ನೋಡಿದಾಗ ನನ್ನ ಅಕ್ಷರ ಅವರಿಬ್ಬರ ಅಕ್ಷರಕ್ಕಿಂತ ದೊಡ್ಡದಾಗಿ, ಗೆರೆ ದಾಟಿ ಬಿದ್ದಿತ್ತು.